ಸೂಜಿಯಕ್ಕ ಸಭೆಗೆ ಹೋದದ್ದು

ಸೂಜಿಯಕ್ಕನ ಅಂಗಡಿಗೂ ಮನೆಗೂ ನಡುವೆ ಇದ್ದದ್ದು ಒಂದೇ ಒಂದು ಪರದೆ. ಪರದೆಯ ಈಚೆ ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗಿರಾಕಿಗಳಿಗೊಂದು ಬೆಂಚು, ಗೋಡೆಯ ಮೊಳೆಗಳಿಗೆ ನೇತುಹಾಕಿದ ಪ್ಯಾಂಟುಗಳು. ಆಚೆ ಒಂದು ಮಂಚ, ಒಂದು ಗ್ಯಾಸ್ ಒಲೆ, ಒಂದು ನಲ್ಲಿ, ಮತ್ತು ಅವಳ ಗಂಡ. ಬೀದಿಯವರೆಲ್ಲ ಅವನನ್ನು ಪೇಂಟರ್ ಎಂದೇ ಕರೆಯುತ್ತಿದ್ದರು. ಅವನು ಬ್ರಷ್ ಕೈಬಿಟ್ಟು ವರ್ಷಗಳೇ ಕಳೆದಿದ್ದರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಯಾವುದೋ ಕಟ್ಟಡಕ್ಕೆ ಬಣ್ಣ ಬಳಿಯುವಾಗ ಕಾಲ ಕೆಳಗಿನ ಹಲಗೆ ಜಾರಿ ಬಿದ್ದವನು ಬದುಕಿದ್ದೇ ಹೆಚ್ಚು ಎಂದಿದ್ದರು ಡಾಕ್ಟರು. ಬದುಕಿದ. ಕೈಕಾಲು ನೆಟ್ಟಗಿದ್ದವು, ಮಾತು ನೆಟ್ಟಗಿತ್ತು, ತಮಾಷೆಯಂತೂ ಮೊದಲಿಗಿಂತ ಒಂದು ಕೈ ಜಾಸ್ತಿಯೇ ಆಗಿತ್ತು. ಆದರೆ ತಲೆಯೊಳಗೆ ಎಲ್ಲೋ ಏನೋ ಕೆಟ್ಟು ಫಿಟ್ಸ್ ಶುರುವಾಯಿತು. ಮಾತ್ರೆ ನುಂಗಿದರೆ ಕಡಿಮೆ ಬರುತ್ತಿತ್ತು, ಬರದೇ ಇರುತ್ತಿರಲಿಲ್ಲ. ಹೇಳಿ ಕೇಳಿ ಬರುವ ಕಾಯಿಲೆಯೂ ಅಲ್ಲ ಅದು. ಲೋಟ ಹಿಡಿದು ನಿಂತವನು ನಿಂತ ಹಾಗೇ ದೊಪ್ಪನೆ ಬೀಳುತ್ತಿದ್ದ. ಆಗ ಯಾರಾದರೂ ಓಡಿಬಂದು ಅವನನ್ನು ಮಗ್ಗುಲಿಗೆ ಹೊರಳಿಸಬೇಕು, ಬಾಯಲ್ಲಿದ್ದದ್ದು ಹೊರಗೆ ಹರಿದುಹೋಗಬೇಕು, ತಲೆ ಮಂಚದ ಕಾಲಿಗೆ ಬಡಿಯದಂತೆ ಹಿಡಿಯಬೇಕು. ಅಷ್ಟು ಮಾಡಿದರೆ ಸ್ವಲ್ಪ ಹೊತ್ತಿಗೆಲ್ಲ ಎದ್ದು ಕೂತು, "ಎಲ್ಲಿಗೆ ಬಂದಿತ್ತು ನಮ್ಮ ಮಾತು?" ಅನ್ನುತ್ತಿದ್ದ. ಅಷ್ಟು ಮಾಡಲು ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದನ್ನೂ ಡಾಕ್ಟರು ಹೇಳಿದ್ದರು. ಸೂಜಿಯಕ್ಕ ಅದನ್ನು ಒಮ್ಮೆ ಕೇಳಿಸಿಕೊಂಡಳು, ಮತ್ತೆ ಯಾವತ್ತೂ ಕೇಳಲು ಹೋಗಲಿಲ್ಲ.

ಹಾಗಾಗಿ ಅವಳ ಒಂದು ಕಿವಿ ಯಾವಾಗಲೂ ಪರದೆಯ ಕಡೆಗೇ. ಲೋಟ ಬಿದ್ದ ಸದ್ದು ಬೇರೆ, ಕುರ್ಚಿ ಎಳೆದ ಸದ್ದು ಬೇರೆ, ಅವನು ಬಿದ್ದ ಸದ್ದೇ ಬೇರೆ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದವಳು ಟೇಪನ್ನು ಅಲ್ಲೇ ಬಿಟ್ಟು ಓಡುತ್ತಿದ್ದಳು, ಗಿರಾಕಿಯೂ ಹಾಗೇ ಟೇಪು ಹಿಡಿದುಕೊಂಡು ಕಾಯುತ್ತಿದ್ದ. ಬೀದಿಗೆ ಅದೆಲ್ಲ ಅಭ್ಯಾಸವಾಗಿಹೋಗಿತ್ತು. ಎದುರು ಅಂಗಡಿಯ ಸೈಕಲ್ ರಿಪೇರಿಯ ಮುದುಕ, ಎಲ್ಲರಿಗೂ ಸೈಕಲ್ ಮಾವ, ಪೇಟೆಗೆ ಹೋದಾಗ ಅವಳಿಗೆ ನೂಲು, ಗುಂಡಿ, ಜಿಪ್ಪು ತಂದುಕೊಡುತ್ತಿದ್ದ. ಪಕ್ಕದ ಬೇಕರಿಯವಳು ತರಕಾರಿ ತರುತ್ತಿದ್ದಳು. ಸೂಜಿಯಕ್ಕ ಬೀದಿ ದಾಟಿ ಹೋದದ್ದನ್ನು ನೋಡಿದವರೇ ಇರಲಿಲ್ಲ.

ಅವಳಿಗೆ ಆ ಹೆಸರು ಬಂದದ್ದು ಕಾಲರಿಗೆ ಸದಾ ಚುಚ್ಚಿಕೊಂಡಿರುವ ಸೂಜಿಯಿಂದಲೋ ನಾಲಗೆಯಿಂದಲೋ ಹೇಳುವುದು ಕಷ್ಟ. "ಹೋದ ತಿಂಗಳು ಇದೇ ಪ್ಯಾಂಟು ಸರಿಯಾಗಿತ್ತಲ್ಲ" ಎಂದು ಯಾರಾದರೂ ರಾಗ ಎಳೆದರೆ, "ಪ್ಯಾಂಟು ಅಲ್ಲೇ ಇದೆ ಕಣಪ್ಪ, ನೀನೇ ಮುಂದೆ ಬಂದಿದೀಯ" ಅನ್ನುವವಳು. ನಗರಸಭೆಯ ಕೌನ್ಸಿಲರ್ ಸಾಹೇಬರಿಗೂ ಇದೇ ಮಾತು, ಇದೇ ಮುಖ. ಸಾಹೇಬರು ಗೆದ್ದಾಗಿನಿಂದ ಅವರ ಪ್ಯಾಂಟಿನ ಸೊಂಟವನ್ನು ವರ್ಷಕ್ಕೊಮ್ಮೆ ಬಿಡಿಸಿಕೊಡುತ್ತಿದ್ದವಳು ಅವಳೇ.

ಹಾಗೆ ಸೊಂಟ ಬಿಡಿಸಿಕೊಳ್ಳಲು ಬಂದಾಗಲೇ ಅವರು ಆ ಮಾತೆತ್ತಿದ್ದು.

"ಹೊಸದಾಗಿ ವಾರ್ಡ್ ಸಮಿತಿ ಮಾಡ್ತಾ ಇದೀವಮ್ಮ, ಐದು ಜನರದ್ದು. ಒಬ್ಬ ಹೆಂಗಸಿರ್ಬೇಕು, ಒಬ್ಬ ಸಣ್ಣ ವ್ಯಾಪಾರಿ ಇರ್ಬೇಕು, ಇದೇ ವಾರ್ಡಿನ ಬಾಡಿಗೆದಾರರೊಬ್ಬರು ಇರ್ಬೇಕು ಅಂತ ರೂಲ್ಸು. ನಿಮ್ಮನ್ನ ಹಾಕ್ಕೊಂಡ್ರೆ ಮೂರೂ ಮುಗೀತು."

"ಒಂದು ತುಂಡಲ್ಲಿ ಮೂರು ಅಂಗಿ ಹೊಲಿ ಅನ್ನೋರು ನಂಗೇನು ಹೊಸಬರಲ್ಲ ಬಿಡಿ. ಆದ್ರೆ ನಾನು ಮೀಟಿಂಗು ಗೀಟಿಂಗು ಅಂತ ಬರೋಕಾಗಲ್ಲ. ಒಳಗೆ ಇವರನ್ನ ಬಿಟ್ಟು ಕದಲೋ ಹಾಗಿಲ್ಲ ನಾನು."

"ನೀವು ಬರ್ಲೇಬೇಕು ಅಂತ ಯಾರು ಹೇಳಿದ್ರು? ಹೆಸರಿದ್ರೆ ಸಾಕು."

ಪರದೆಯ ಆಚೆಯಿಂದ ಪೇಂಟರ್ ಕೂಗಿದ: "ಒಪ್ಕೊಳ್ಳೇ ಮಾರಾಯ್ತಿ. ಮನೇಲಿ ಒಬ್ಬರಾದ್ರೂ ಸರ್ಕಾರಿ ಕೆಲಸಕ್ಕೆ ಸೇರಿದ ಹಾಗಾಗುತ್ತೆ."

ನೇಮಕದ ಕಾಗದ ಮೊಹರಿನೊಂದಿಗೆ ಬಂತು. ಪೇಂಟರ್ ಅದನ್ನು ಗೋಡೆಗೆ ಅಂಟಿಸಿ, ಎರಡು ದಿನ ಹೆಂಡತಿಯನ್ನು "ಮೇಡಂ" ಎಂದು ಕರೆದು, ಬೈಸಿಕೊಂಡು ಬಿಟ್ಟ. ಸಮಿತಿಯಲ್ಲಿ ಕೌನ್ಸಿಲರ್ ಅಧ್ಯಕ್ಷರು. ನಗರಸಭೆಯ ಕಟ್ಟಡಗಳನ್ನೆಲ್ಲ ಕಟ್ಟುವ ಕಂಟ್ರಾಕ್ಟರ್ ಒಬ್ಬ ಸದಸ್ಯ. ಬೇಕರಿಯ ಮೇಲಿನ ಮನೆಯ ನಿವೃತ್ತ ಮೇಷ್ಟ್ರು ಒಬ್ಬರು, ಬೀದಿಯ ಮೂಲೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದ ಔಷಧಿಯಮ್ಮ ಒಬ್ಬಳು. ಇವರಿಬ್ಬರನ್ನು ಆಮೇಲೆ ನಾಗರಿಕರ ಸಂಘದವರು ಹೋರಾಡಿ ಸೇರಿಸಿದ್ದರು. ಉಳಿದವಳು ಸೂಜಿಯಕ್ಕ. ಸಭೆಗಳು ನಡೆದವು. ಅವಳು ಒಂದಕ್ಕೂ ಹೋಗಲಿಲ್ಲ, ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಬಂತು ಆ ಹೊಸ ನಿಯಮದ ಸುದ್ದಿ.

ಬಸ್ ನಿಲ್ದಾಣದ ಆಚೆ ನಗರಸಭೆ ಒಂದು ದೊಡ್ಡ ಮಾರುಕಟ್ಟೆ ಕಟ್ಟಡ ಕಟ್ಟಿಸಿತ್ತು. ಕಟ್ಟಿದವನು ಅದೇ ಕಂಟ್ರಾಕ್ಟರ್. ಮೂರು ಮಹಡಿ ತುಂಬ ಪುಟ್ಟ ಪುಟ್ಟ ಮಳಿಗೆಗಳು, ಒಂದಕ್ಕೂ ಬಾಡಿಗೆಗೆ ಜನ ಬಂದಿರಲಿಲ್ಲ. ಪಾರಿವಾಳಗಳು ಮಾತ್ರ ಬಂದಿದ್ದವು. ಕಟ್ಟಿದ ಮೇಲೆ ಯಾರಾದರೂ ಹೋಗಿ ತುಂಬಲೇಬೇಕಲ್ಲ! ಬಾರದವರನ್ನು ಕರೆತರುವುದಕ್ಕೆ ಕಾನೂನಿಗಿಂತ ಒಳ್ಳೆಯ ಹಗ್ಗ ಯಾವುದಿದೆ? ಕಿರಿದಾದ ಬೀದಿಗಳೆಲ್ಲ ಇನ್ನು ಮೇಲೆ ವಾಸಕ್ಕೆ ಮಾತ್ರ, ಅಲ್ಲಿ ಅಂಗಡಿ ಇಡುವಂತಿಲ್ಲ, ಮೆಷಿನ್ ಓಡಿಸುವಂತಿಲ್ಲ, ಅಂಗಡಿಯವರೆಲ್ಲ ಮಾರುಕಟ್ಟೆ ಕಟ್ಟಡಕ್ಕೆ ಹೋಗಬೇಕು ಎಂದು ಕರಡು ತಯಾರಾಯಿತು. ನೆಮ್ಮದಿಯ ಬೀದಿ ಯೋಜನೆ ಎಂದು ಅದಕ್ಕೊಂದು ಚಂದದ ಹೆಸರು ಬೇರೆ. ಯಾರ ನೆಮ್ಮದಿ ಎಂದು ಅದರಲ್ಲಿ ಎಲ್ಲೂ ಬರೆದಿರಲಿಲ್ಲ.

ಸಭೆಯ ನೋಟಿಸು ಬಂದ ಸಂಜೆ ಬೀದಿಯವರೆಲ್ಲ ಸೂಜಿಯಕ್ಕನ ಅಂಗಡಿಯಲ್ಲಿ ಸೇರಿದರು. ಬೆಂಚು ಸಾಲದೆ ಕೆಲವರು ಮೆಟ್ಟಿಲ ಮೇಲೆ ಕೂತರು. ಮೇಷ್ಟ್ರು ಮಗಳ ಮನೆಗೆ ಹೋಗಿದ್ದಾರೆ ಎಂದು ಗೊತ್ತಾಯಿತು. ಔಷಧಿಯಮ್ಮನೂ ಊರಲ್ಲಿಲ್ಲ, ಅವಳ ಗಂಡ ಕೌಂಟರಿನಲ್ಲಿ ಕೂತಿದ್ದ. ಸಭೆಯ ದಿನ ಇಬ್ಬರೂ ನೇರವಾಗಿ ಅಲ್ಲಿಗೇ ಬರುತ್ತಾರೆ ಎಂದು ಎಲ್ಲರೂ ಅಂದುಕೊಂಡರು.

ಸೈಕಲ್ ಮಾವ ಗ್ರೀಸು ಮೆತ್ತಿದ ಬೆರಳುಗಳನ್ನು ಮಡಿಸಿ ಎಣಿಸಿದ. "ಸಾಹೇಬರು ಒಂದು, ಕಂಟ್ರಾಕ್ಟರ್ ಎರಡು. ಈ ಕಡೆ ಮೇಷ್ಟ್ರು ಒಂದು, ಔಷಧಿಯಮ್ಮ ಎರಡು, ನೀನು ಹೋದ್ರೆ ಮೂರು. ವಾರ್ಡ್ ಸಮಿತಿ ಬೇಡ ಅಂದ್ರೆ ನಗರಸಭೆ ಮುಂದಕ್ಕೆ ಹೋಗೋ ಹಾಗಿಲ್ವಂತೆ. ಎಲ್ಲಾ ನಿನ್ನ ಮೇಲೆ ನಿಂತಿದೆ ಕಣವ್ವ."

"ನಾನು ಹೋದ್ರೆ ಇವರ ಹತ್ರ ಯಾರಿರ್ತಾರೆ ಮಾವ?"

"ನಾನಿರ್ತೀನಿ ಅಕ್ಕ," ಎಂದಳು ಬೇಕರಿಯವಳು. "ಬೆಳಗ್ಗೆ ಬ್ರೆಡ್ ಇಳಿಸಿದ ಮೇಲೆ ನಂಗೇನು ಕೆಲಸ? ನಿಮ್ಮ ಪೇಂಟರ್ ಜೊತೆ ಇಸ್ಪೀಟ್ ಆಡ್ತೀನಿ."

"ನಾನು ಕೂರಿಸಿಕೊಂಡು ಹೋಗಿ ಕೂರಿಸಿಕೊಂಡು ಬರ್ತೀನಿ," ಎಂದ ಸೈಕಲ್ ಮಾವ. ಅವನ ಹಳೇ ಸ್ಕೂಟರ್ ಎಲ್ಲರಿಗೂ ಗೊತ್ತಿದ್ದದ್ದೇ, ಎಲ್ಲರೂ ನಕ್ಕರು.

ಅವಳಿಗೆ ನಗು ಬರಲಿಲ್ಲ. ರಾತ್ರಿಯ ಅಡುಗೆಗೆ ಈರುಳ್ಳಿ ಹೆಚ್ಚುತ್ತಾ ಗಂಡನಿಗೆ ಹೇಳಿದಳು, "ನಂಗ್ಯಾಕೋ ಮನಸ್ಸೇ ಇಲ್ಲ. ಅವರಿಬ್ಬರು ಹೋಗ್ತಾರಲ್ಲ. ನನ್ನ ಹೆಸರಿದ್ರೆ ಸಾಕು ಅಂದಿದ್ರು ಸಾಹೇಬ್ರು."

ಪೇಂಟರ್ ಮಂಚದ ಮೇಲೆ ಕೂತು ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದ. ಅಂಗಡಿಗೆ ಬರುವ ಗುಂಡಿಯ ಕೆಲಸವೆಲ್ಲ ಅವನದು. ದಾರವನ್ನು ಹಲ್ಲಿನಿಂದ ಕಡಿದು ಅವನು ಹೇಳಿದ:

"ನೋಡು, ಬೀದೀಲಿ ಎಲ್ಲರ ಬಾಯೂ ಮುಚ್ಚಿಸೋಳು ನೀನು. ಅಲ್ಲಿ ಹೋಗಿ ಒಂದು ಸಲ ಬಾಯಿ ಬಿಡೋಕೆ ಏನು ಧಾಡಿ? ಒಂದು ಮಧ್ಯಾಹ್ನ ನನ್ನ ಬಿಟ್ಟಿದ್ದು ಬಾ. ಆಮೇಲೆ ಯಾವತ್ತೂ ಬಿಡೋದು ಬೇಡ."

ಅವನನ್ನು ಎಂದೂ ಬಿಡದೆ ಇರುವುದಕ್ಕೇ ಒಮ್ಮೆ ಬಿಟ್ಟು ಹೋಗಬೇಕು ಅಂದರೆ, ಹೋಗಲೇಬೇಕು.

ಸಭೆಯ ದಿನ ಬೇಕರಿಯವಳು ಅವಳ ಬಟ್ಟೆಗೆ ಇಸ್ತ್ರಿ ಮಾಡಿಕೊಟ್ಟಳು. ಯಾರೋ ಒಂದು ಒಳ್ಳೆಯ ಕೈಚೀಲ ಕೊಟ್ಟರು. ಪೇಂಟರ್ ಅವಳ ಕಾಲರಿನ ಸೂಜಿ ಕಿತ್ತು ತನ್ನ ಅಂಗಿಗೆ ಚುಚ್ಚಿಕೊಂಡು, "ಇವತ್ತು ನಾಲಗೆ ಒಂದೇ ಸಾಕು" ಎಂದ. ಮದುಮಗಳನ್ನು ಕಳಿಸುವಂತೆ ಬೀದಿಯವರೆಲ್ಲ ನಿಂತು ಅವಳನ್ನು ಸ್ಕೂಟರ್ ಹತ್ತಿಸಿದರು. ತಿರುವಿನಲ್ಲಿ ಅವಳು ಹಿಂತಿರುಗಿ ನೋಡಿದಾಗ ಎಲ್ಲರೂ ಕೈಬೀಸುತ್ತಿದ್ದರು, ಪೇಂಟರ್ ಬಾಗಿಲಲ್ಲಿ ಬೇಕರಿಯವಳ ಪಕ್ಕ ನಿಂತಿದ್ದ. ಅವಳಿಗೆ ಭಯವೂ ಆಗಿತ್ತು, ಸುಳ್ಳೇಕೆ, ಸ್ವಲ್ಪ ಹೆಮ್ಮೆಯೂ ಆಗಿತ್ತು.

ನಗರಸಭೆಯ ವಾರ್ಡ್ ಕಚೇರಿ ಎರಡನೇ ಮಹಡಿಯಲ್ಲಿತ್ತು. ಮೆಟ್ಟಿಲ ತುದಿಯಲ್ಲಿ ಕೌನ್ಸಿಲರ್ ಸಾಹೇಬರು ತಾವೇ ನಿಂತಿದ್ದರು, ಯಾರನ್ನೋ ಕಾಯುವವರ ಹಾಗೆ ಕೆಳಗೆ ಬಗ್ಗಿ ಬಗ್ಗಿ ನೋಡುತ್ತ. ಅವಳನ್ನು ಕಂಡದ್ದೇ ಅವರ ಮುಖ ಊರಗಲವಾಯಿತು.

"ಬಂದ್ರಾ ಅಮ್ಮಾ! ಬನ್ನಿ ಬನ್ನಿ. ನಿಮ್ಮಂಥವರು ಬಂದ್ರೇನೇ ಸಭೆಗೆ ಕಳೆ."

ಒಳಗೆ ಉದ್ದನೆಯ ಮೇಜು, ಐದು ಕುರ್ಚಿ. ಒಂದರಲ್ಲಿ ಕಂಟ್ರಾಕ್ಟರ್ ಕಾಲು ಅಲ್ಲಾಡಿಸುತ್ತ ಕೂತಿದ್ದ. ಅವಳು ಕೂರುವ ಮೊದಲೇ ಗುಮಾಸ್ತ ಹಾಜರಿ ಹಾಳೆಯನ್ನು ಮುಂದೆ ಸರಿಸಿ ಪೆನ್ನಿನ ಮುಚ್ಚಳ ತೆಗೆದುಕೊಟ್ಟ. ಅವಳು ಗುಂಡಗೆ, ನೀಟಾಗಿ ಸಹಿ ಹಾಕಿದಳು. ಗುಮಾಸ್ತ ಗೋಡೆಯ ಗಡಿಯಾರ ನೋಡಿ ನಿಟ್ಟುಸಿರು ಬಿಟ್ಟ.

"ಮೇಷ್ಟ್ರು, ಔಷಧಿಯಮ್ಮ ಇನ್ನೂ ಬಂದಿಲ್ಲ. ಸ್ವಲ್ಪ ಕಾಯೋಣ," ಎಂದಳು ಅವಳು.

"ಕಾಯೋದು ಬೇಡಮ್ಮ, ಮೂರು ಜನ ಆದ್ವಲ್ಲ," ಎಂದರು ಸಾಹೇಬರು. "ಮೊದಲು ನಿಮ್ಮ ಮಾತೇ ಕೇಳೋಣ. ಹೇಳಿ, ಸಂಕೋಚ ಬೇಡ."

ಅವಳು ಹೇಳಿದಳು. ಒಬ್ಬಳೇ ಇದ್ದೇನಲ್ಲ ಎಂಬ ಅಳುಕು ಮೊದಲೆರಡು ಮಾತಿಗೆ ಇತ್ತು, ಆಮೇಲೆ ಹೋಯಿತು. ತನ್ನ ಗಂಡನ ವಿಷಯ ಹೇಳಿದಳು, ಪರದೆಯ ವಿಷಯ ಹೇಳಿದಳು. ಸೈಕಲ್ ಮಾವನ ಮಂಡಿನೋವು, ಬೇಕರಿಯ ಒಲೆ, ಕಿಟಕಿಯಿಂದ ಮಾತ್ರೆ ಕೇಳಿ ಪಡೆಯುವ ಮುದುಕಿಯರು, ಎಲ್ಲವನ್ನೂ ಹೇಳಿದಳು. "ನಮ್ಮ ಬೀದೀಲಿ ಗಲಾಟೆ ಇದೆ ಅಂತೀರಿ. ಇದೆ. ಆ ಗಲಾಟೆ ಇರೋದ್ರಿಂದ್ಲೇ ಯಾರಾದ್ರೂ ಬಿದ್ರೆ ಇನ್ನೊಬ್ಬರಿಗೆ ಕೇಳಿಸೋದು. ಹಗಲು ಹೊತ್ತು ಜನ ಇರೋದು ಅಂಗಡಿಗಳಿಂದ. ಅವನ್ನ ಎತ್ತಿಬಿಟ್ರೆ ಕೂಗಿದ್ರೂ ಓ ಅನ್ನೋರಿರಲ್ಲ" ಎಂದಳು. ಇಷ್ಟು ಚೆನ್ನಾಗಿ ಅವಳು ಜನ್ಮದಲ್ಲೇ ಮಾತಾಡಿರಲಿಲ್ಲ. ಮೂವರೂ ತಲೆದೂಗಿ ಕೇಳಿದರು. ಕಂಟ್ರಾಕ್ಟರ್ ಕಾಲು ಅಲ್ಲಾಡಿಸುವುದನ್ನು ನಿಲ್ಲಿಸಿದ. ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಗೆದ್ದೆ ಎಂದೇ ಅವಳಿಗೆ ಅನ್ನಿಸಿತು.

"ಎಷ್ಟು ಮನಮುಟ್ಟೋ ಹಾಗೆ ಹೇಳಿದ್ರಿ," ಎಂದರು ಸಾಹೇಬರು, ಬೆಣ್ಣೆಯಿಂದ ಕೂದಲು ತೆಗೆಯುವಷ್ಟು ನವಿರಾಗಿ. ಗುಮಾಸ್ತನ ಕಡೆ ತಿರುಗಿ, "ಅಮ್ಮನವರ ವಿರೋಧ ಪೂರ್ತಿ ದಾಖಲಾಗ್ಬೇಕು, ಒಂದು ಮಾತೂ ಬಿಡಬಾರ್ದು. ಈಗ ಮತಕ್ಕೆ ಹಾಕೋಣ. ಪರವಾಗಿರೋರು?"

ಸಾಹೇಬರ ಕೈ ಎದ್ದಿತು. ಕಂಟ್ರಾಕ್ಟರ್ ಕೈ ಎದ್ದಿತು.

"ವಿರೋಧ?"

ಅವಳು ಕೈಯೆತ್ತಿದಳು. ಖಾಲಿ ಕುರ್ಚಿಗಳೆರಡನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಯಾರೂ ಬರಲಿಲ್ಲ.

"ಎರಡಕ್ಕೆ ಒಂದು. ಅನುಮೋದನೆಯಾಯ್ತು."

ಸಾಹೇಬರೂ ಕಂಟ್ರಾಕ್ಟರೂ ಅವಳಿಗೆ ಕೈಮುಗಿದು ಹೊರಟುಹೋದರು. ಅವಳು ಕೂತಲ್ಲೇ ಕೂತಿದ್ದಳು. ಗುಮಾಸ್ತ ಕಾಗದ ಜೋಡಿಸಿಕೊಂಡು, ಅವಳಿಗೂ ಒಂದು ಲೋಟ ಚಹಾ ತರಿಸಿದ. ಒಳ್ಳೆಯ ಮನುಷ್ಯ, ಕೆಟ್ಟದ್ದೇನೂ ಅವನ ಮನಸ್ಸಿನಲ್ಲಿರಲಿಲ್ಲ.

"ನಿಮ್ಮಿಂದ ದೊಡ್ಡ ಉಪಕಾರ ಆಯ್ತಮ್ಮ," ಎಂದ. "ಮೂರು ಜನ ಇಲ್ದಿದ್ರೆ ಕೋರಂ ಇಲ್ಲ, ಸಭೇನೇ ಇಲ್ಲ. ನಾಳಿದ್ದು ಈ ನಗರಸಭೆ ಅವಧಿ ಮುಗಿಯುತ್ತೆ. ಇವತ್ತು ಸಭೆ ಆಗದೇ ಇದ್ದಿದ್ರೆ ಕರಡು ಬಿದ್ದುಹೋಗ್ತಿತ್ತು, ಹೊಸಬರು ಬಂದು ಮೊದಲಿಂದ ಶುರು ಮಾಡ್ಬೇಕಿತ್ತು. ಅವರಿಬ್ಬರು ಬರಲ್ಲ ಅಂತ ಗೊತ್ತಾದಾಗಿಂದ ಸಾಹೇಬ್ರಿಗೆ ನೀರಿಳಿದು ಹೋಗಿತ್ತು. ನೀವು ಯಾವತ್ತೂ ಬಂದೋರಲ್ಲ ನೋಡಿ. ದೇವರು ಬಂದ ಹಾಗೆ ಬಂದ್ರಿ."

ಅವಳು ಚಹಾ ಲೋಟವನ್ನು ಮೇಜಿನ ಮೇಲಿಟ್ಟಳು.

"ಅಂದ್ರೆ... ನಾನು ಬರದೇ ಇದ್ದಿದ್ರೆ?"

"ಅದೇ ಹೇಳಿದ್ನಲ್ಲಮ್ಮ. ಇವತ್ತು ಸಭೆ ಇಲ್ಲ, ಏನೂ ಇಲ್ಲ."

ಅವಳು ಮೇಜಿನ ಮೇಲಿನ ಹಾಜರಿ ಹಾಳೆಗೆ ಕೈಹಾಕಿದಳು. "ನನ್ನ ಸಹಿ ಹೊಡೆದುಹಾಕಿ. ನಾನು ಬಂದೇ ಇಲ್ಲ ಅಂತ ಬರ್ಕೊಳ್ಳಿ."

ಗುಮಾಸ್ತ ಗಾಬರಿಯಾಗಿ ಹಾಳೆಯನ್ನು ಎದೆಗವಚಿಕೊಂಡ. "ಹಾಗೆಲ್ಲ ಆಗಲ್ಲಮ್ಮ!"

"ರಾಜೀನಾಮೆ ಕೊಡ್ತೀನಿ, ಈಗಲೇ. ಕಾಗದ ಕೊಡಿ."

"ಕೊಡಿ, ಬೇಕಾದ್ರೆ ಕೊಡಿ. ಆದ್ರೆ ಅದು ನಾಳೆಯಿಂದ ಲೆಕ್ಕ. ಇವತ್ತಿನದು ಆಗಿಹೋಯ್ತು."

ಮೂವತ್ತು ವರ್ಷ ಸೂಜಿ ಹಿಡಿದವಳು ಅವಳು. ತಪ್ಪು ಹೊಲಿಗೆ ಬಿದ್ದರೆ ಬಿಚ್ಚುವುದು, ಮತ್ತೆ ಹೊಲಿಯುವುದು, ಬಿಚ್ಚಲಾಗದ ಹೊಲಿಗೆ ಎಂಬುದನ್ನೇ ಅವಳು ಕಂಡಿರಲಿಲ್ಲ. ಏನಾದರೂ ಒಂದು ದಾರಿ ಇದ್ದೇ ಇರುತ್ತದೆ ಎಂದು ಮತ್ತೂ ಏನೇನೋ ಕೇಳಿದಳು. ಗುಮಾಸ್ತ ಎಲ್ಲದಕ್ಕೂ ಪಾಪ ಎನ್ನುವಂತೆ ತಲೆಯಾಡಿಸಿದ. ಕೊನೆಗೆ, "ನಿಮ್ಮ ವಿರೋಧ ದಾಖಲಾಗಿದೆಯಲ್ಲಮ್ಮ, ಇನ್ನೇನು ಮಾಡೋಕಾಗುತ್ತೆ?" ಎಂದು ಬೀರುವಿಗೆ ಬೀಗ ಹಾಕಿದ.

ಸ್ಕೂಟರಿನ ಮೇಲೆ ಸೈಕಲ್ ಮಾವ ದಾರಿಯುದ್ದಕ್ಕೂ ಕೇಳುತ್ತಲೇ ಬಂದ. "ಏನಾಯ್ತು? ಮಾತಾಡಿದ್ಯಾ?"

"ಮಾತಾಡ್ದೆ ಮಾವ. ಅವರಿಬ್ಬರು ಬರ್ಲಿಲ್ಲ. ಎರಡಕ್ಕೆ ಒಂದು ಆಯ್ತು."

ಅಷ್ಟೇ ಹೇಳಿದಳು. ಕೋರಂ ಮಾತು ಎತ್ತಲಿಲ್ಲ. ಬೀದಿಯಲ್ಲಿ ಎಲ್ಲರೂ ಸುತ್ತುವರಿದರು. ಸುದ್ದಿ ಕೇಳಿ ಕೆಲವರು ತಲೆಯ ಮೇಲೆ ಕೈಹೊತ್ತು ಕೂತರು, ಕೆಲವರು ಮೇಷ್ಟ್ರಿಗೂ ಔಷಧಿಯಮ್ಮನಿಗೂ ಬಾಯಿಗೆ ಬಂದಂತೆ ಬೈದರು. "ಓದಿದೋರ ಹಣೆಬರಹವೇ ಇಷ್ಟು. ನಮ್ಮ ಅಕ್ಕ ಗಂಡನ್ನ ಬಿಟ್ಟು ಹೋದ್ಲು, ಇವರಿಗೆ ಬರೋಕಾಗ್ಲಿಲ್ಲ!" ಎಂದಳು ಬೇಕರಿಯವಳು, ಕಣ್ಣಲ್ಲಿ ನೀರು ತುಂಬಿಕೊಂಡು. ಎಲ್ಲರೂ ಸೂಜಿಯಕ್ಕನ ಬೆನ್ನು ಸವರಿದರು. ಒಂದೊಂದು ಕೈ ಬೆನ್ನಿಗೆ ತಾಗಿದಾಗಲೂ ಅವಳಿಗೆ ಭೂಮಿಗಿಳಿದು ಹೋಗುವಂತಾಗುತ್ತಿತ್ತು.

ಮರುದಿನ ಮೇಷ್ಟ್ರು ಬಂದರು. ಗಿರಾಕಿ ಯಾರೂ ಇಲ್ಲದ ಹೊತ್ತು ನೋಡಿಕೊಂಡೇ ಬಂದಂತಿತ್ತು. ಬೆಂಚಿನ ತುದಿಯಲ್ಲಿ ಕೂತು ಕೋಲನ್ನು ಎರಡು ಮಂಡಿಗಳ ನಡುವೆ ಇಟ್ಟುಕೊಂಡರು. ಅವರಿಗೆ ಕಿವಿ ಮಂದ, ಹಾಗಾಗಿ ಮಾತೆಲ್ಲ ಜೋರು.

"ಯಾಕಮ್ಮ ಹೋದೆ ನೀನು?"

"ನೀವ್ಯಾಕೆ ಬರ್ಲಿಲ್ಲ ಮೇಷ್ಟ್ರೇ? ಮೂರು ಜನ ಒಂದೇ ಕಡೆ ಕೈಯೆತ್ತಿದ್ರೆ ಮುಗೀತಿತ್ತಲ್ಲ!"

ಮೇಷ್ಟ್ರು ಕೋಲಿನ ಹಿಡಿಯನ್ನು ತಿಕ್ಕಿದರು. "ನೀನು ನಮ್ಮ ಕಡೆ ಕೈಯೆತ್ತುತ್ತೀಯ ಅಂತ ನಾವು ಅಂದ್ಕೊಳ್ಲಿಲ್ಲ. ನಿನ್ನನ್ನ ನೇಮಕ ಮಾಡಿದ್ದು ಅವರು. ವರ್ಷಾ ವರ್ಷ ನಿನ್ನ ಅಂಗಡಿಗೆ ಬರ್ತಾರೆ, ನಗ್ತಾ ಮಾತಾಡ್ತಾರೆ. ನೀನು ಅವರ ಕಡೆಯವಳು ಅಂತಲೇ ನಾನೂ ಔಷಧಿಯಮ್ಮನೂ ತಿಳ್ಕೊಂಡಿದ್ವಿ. ನಾವು ಬಂದಿದ್ರೆ ಮೂರಕ್ಕೆ ಎರಡು ಸೋಲ್ತೀವಿ, ಬರದೇ ಇದ್ರೆ ಸಭೆಯೇ ಆಗಲ್ಲ ಅಂತ ಲೆಕ್ಕ ಹಾಕಿ ಊರು ಬಿಟ್ವಿ."

"ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ?"

"ನಿಂಗೆ ಹೇಳಿದ್ರೆ ಅವರಿಗೆ ಹೇಳಿದ ಹಾಗೆ ಅಂದ್ಕೊಂಡ್ವಿ ಕಣಮ್ಮ. ಅಲ್ದೆ, ನೀನಂತೂ ಗಂಡನ್ನ ಬಿಟ್ಟು ಕದಲೋಳಲ್ಲ. ಅದೊಂದನ್ನೇ ನಂಬ್ಕೊಂಡಿದ್ವಿ."

ಅವಳಿಗೆ ಸಿಟ್ಟು ನೆತ್ತಿಗೇರಬೇಕಿತ್ತು. ಏರಲಿಲ್ಲ. ಎದುರು ಕೂತ ಮುದುಕ ಅಳುತ್ತಿದ್ದರು, ಅವರಿಗೇನು ಹೇಳುವುದು? ಮೆಷಿನ್ನಿನ ಚಕ್ರದ ಮೇಲೆ ಕೈಯಿಟ್ಟಳು.

ಮೇಷ್ಟ್ರು ಹೋದ ಮೇಲೆ ಪರದೆ ಸರಿಸಿ ಒಳಗೆ ಹೋದಳು. ಮೇಷ್ಟ್ರ ದನಿ ಎತ್ತರ, ಪರದೆ ತೆಳು. ಪೇಂಟರ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಮನೇಲೇ ಇದ್ದಿದ್ರೆ ಗೆಲ್ತಿದ್ವಿ," ಎಂದಳು ಅವಳು.

"ಹೋಗು ಹೋಗು ಅಂತ ನೂಕಿದ್ದು ನಾನು," ಎಂದ ಅವನು. ಅವತ್ತು ಅವನು ತಮಾಷೆ ಮಾಡಲಿಲ್ಲ.

ಅವಳು ಕೈಕಟ್ಟಿ ಕೂರಲಿಲ್ಲ. ಬೇಕರಿಯವಳನ್ನು ಗಂಡನ ಹತ್ತಿರ ಕೂರಿಸಿ ಸಾಹೇಬರ ಮನೆ ಬಾಗಿಲಿಗೆ ಎರಡು ಸಲ ಹೋದಳು, ಎರಡು ಸಲವೂ ಅವರು ಚಹಾ ಕೊಟ್ಟು, ಈಗ ಎಲ್ಲ ಕಮಿಷನರ್ ಕೈಯಲ್ಲಿದೆ ಎಂದರು. ಕಮಿಷನರ್ ಕಚೇರಿಯಲ್ಲಿ, ನಿಮ್ಮ ಸಮಿತಿಯೇ ಒಪ್ಪಿದೆಯಲ್ಲ ಎಂದರು. ನಾನು ಒಪ್ಪಲಿಲ್ಲ ಎಂದದ್ದಕ್ಕೆ, ಹಾಜರಿದ್ದಿರಲ್ಲ ಎಂದರು. ಗಂಡನನ್ನು ಮಾರುಕಟ್ಟೆಗೇ ಕರೆದುಕೊಂಡು ಹೋಗಬಹುದೇ ಎಂದು ನೋಡಿ ಬಂದಳು. ಅವಳಿಗೆ ಸಿಕ್ಕ ಮಳಿಗೆ ಮೂರನೇ ಮಹಡಿಯಲ್ಲಿತ್ತು, ಮೆಷಿನ್ನೂ ಒಂದು ಸ್ಟೂಲೂ ಹಿಡಿಸುವಷ್ಟು ಜಾಗ. ಹೊರಗೆ ಸೊಂಟಕ್ಕೂ ಬಾರದ ಕಂಬಿ, ಕಡಿದಾದ ಮೆಟ್ಟಿಲು. ಪೇಂಟರ್ ಒಮ್ಮೆ ಮೆಟ್ಟಿಲ ಬುಡದವರೆಗೂ ಬಂದು ಮೇಲೆ ನೋಡಿ, "ಎತ್ತರದಿಂದ ಬೀಳೋದು ನಾನು ಬಿಟ್ಟು ಬಹಳ ದಿನ ಆಯ್ತು" ಎಂದು ವಾಪಸಾದ. ಮನೆಯಲ್ಲೇ ಕದ್ದು ಹೊಲಿಯೋಣವೆಂದರೆ ಮೆಷಿನ್ನಿನ ಸದ್ದು ಬೀದಿಗೆ ಕೇಳುತ್ತದೆ, ಕೇಳಿದರೆ ಮೆಷಿನ್ನೇ ಜಪ್ತಿ. ಹೊಲಿಯದೆ ಕೂತರೆ ಮಾತ್ರೆಗೆ ಗತಿಯಿಲ್ಲ.

ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಸೈಕಲ್ ಮಾವನಿಗೆ ಕಟ್ಟಡದ ಹಿಂಭಾಗ ಸಿಕ್ಕಿತು. ಬೇಕರಿಯವರಿಗೆ ಒಲೆ ಹಾಕಲು ಅಲ್ಲಿ ಅನುಮತಿ ಸಿಗದೆ, ಯಾವುದೋ ಹೋಟೆಲಿಗೆ ಗಂಡ ಹೆಂಡತಿ ಇಬ್ಬರೂ ಕೂಲಿಗೆ ಸೇರಿದರು. ಔಷಧಿಯಮ್ಮನ ಅಂಗಡಿಗೆ ಬಾಗಿಲು ಬಿತ್ತು. ಮೇಷ್ಟ್ರು ಆಗಾಗ ಬಂದು ನೋಡುತ್ತೇನೆ ಎಂದು ಮಾತು ಕೊಟ್ಟರು. ಆದರೆ ಅವರು ಮಹಡಿಯಿಂದ ಇಳಿಯುವುದೇ ಒಂದು ಯಾತ್ರೆ, ಕೆಳಗೆ ಯಾರಾದರೂ ಬಿದ್ದರೆ ಅವರಿಗೆ ಕೇಳಿಸುವುದೂ ಇಲ್ಲ. ಬೀದಿ ಈಗ ನಿಜಕ್ಕೂ ನೆಮ್ಮದಿಯಾಗಿತ್ತು, ನಾಯಿ ಬೊಗಳಿದರೂ ಈ ತುದಿಯಿಂದ ಆ ತುದಿಗೆ ಕೇಳುವಷ್ಟು.

ಅವಳು ಮಾರುಕಟ್ಟೆಗೆ ಹೊರಟ ಮೊದಲ ದಿನ ಅನ್ನ ಮಾಡಿಟ್ಟು, ನೀರು ಇಟ್ಟು, ಒಲೆಯ ಸಿಲಿಂಡರ್ ಬಂದ್ ಮಾಡಿ, ಮಂಚದ ಕಾಲುಗಳಿಗೆ ಹಳೇ ಬಟ್ಟೆ ಸುತ್ತಿದಳು. ಪೇಂಟರ್ ಎಲ್ಲದಕ್ಕೂ ಹೂಂಗುಟ್ಟಿದ. "ಹೊರಡು, ನಂಗೇನೂ ಆಗಲ್ಲ. ಗಿರಾಕಿಗಳು ಮೂರು ಮಹಡಿ ಹತ್ತಿ ಬರ್ತಾರೆ, ನೀನಿಲ್ದಿದ್ರೆ ಶಾಪ ಹಾಕ್ತಾರೆ" ಎಂದ. ಬಾಗಿಲಿಗೆ ಬೀಗ ಹಾಕಲು ಅವಳಿಗೆ ಕೈ ಬರಲಿಲ್ಲ, ಸುಮ್ಮನೆ ಮುಂದೆ ಮಾಡಿ ಹೊರಟಳು.

ಅವತ್ತು ಇಡೀ ದಿನ ಅವಳಿಗೆ ಎರಡು ಜಿಪ್ಪು ಬದಲಿಸುವ ಕೆಲಸ ಸಿಕ್ಕಿತು. ಪಕ್ಕದ ಮಳಿಗೆಯಲ್ಲಿ ಏನೋ ಬಿದ್ದಾಗಲೆಲ್ಲ ಮೆಷಿನ್ ನಿಲ್ಲಿಸಿ ಎದ್ದು ನಿಲ್ಲುತ್ತಿದ್ದಳು. ಸಂಜೆ ಬಸ್ಸಿಗೆ ಕಾಯದೆ ನಡೆದೇ ಬಂದಳು, ಕೊನೆಯ ತಿರುವಿನಿಂದ ಓಡಿದಳು.

ಬಾಗಿಲು ಹಾಗೇ ಇತ್ತು. ದೂಡಿದಳು. ಖಾಲಿ ಅಂಗಡಿ, ಆಚೆ ಮಂಚ ಖಾಲಿ. ಹಾಸಿಗೆ ನೆಲದ ಮೇಲಿತ್ತು, ಅವನು ಅದರ ಮೇಲೆ ಎಡಮಗ್ಗುಲಾಗಿ ಅಲುಗಾಡದೆ ಮಲಗಿದ್ದ. ಹೊರಳಿಹೋಗದಂತೆ ಬೆನ್ನಿಗೆ ದಿಂಬು ಒತ್ತಿಕೊಂಡಿತ್ತು. ಅನ್ನದ ತಟ್ಟೆಯ ಮುಚ್ಚಳ ತೆಗೆದಿರಲಿಲ್ಲ. ನೀರು ಇಟ್ಟಷ್ಟೇ ಇತ್ತು.

"ರೀ!" ಎಂದಳು.

ಅವನು ಕಣ್ಣು ತೆರೆದ. "ಬಂದ್ಯಾ? ಗಿರಾಕಿ ಬಂದ್ರಾ?"

"ಏನಾಯ್ತು ನಿಮ್ಗೆ? ಬಂತಾ ಇವತ್ತು?"

"ಇಲ್ಲ, ಬರ್ಲಿಲ್ಲ."

"ಮತ್ತೆ ಯಾಕೆ ಊಟ ಮಾಡಿಲ್ಲ?"

"ತಿನ್ನುವಾಗ ಬಂದ್ರೆ ಗಂಟಲಿಗೆ ಸಿಕ್ಕೊಳ್ಳುತ್ತಲ್ಲ. ನೀನು ಬಂದ ಮೇಲೆ ತಿನ್ನೋಣ ಅಂತ."

"ಯಾವಾಗಿಂದ ಹೀಗೆ ಮಲಗಿದೀರಿ?"

"ನೀನು ಹೋದಾಗಿಂದ," ಎಂದ ಅವನು. "ಬಂದ್ರೆ ಹೊರಳಿಸೋಕೆ ನೀನಿರಲ್ವಲ್ಲ. ಅದಕ್ಕೆ ನಾನೇ ಮೊದಲೇ ಹೊರಳ್ಕೊಂಡು ಮಲಗಿದೆ."

ಅವಳು ಕೈಚೀಲವನ್ನು ಅಲ್ಲೇ ಬಿಟ್ಟು ಅವನ ಪಕ್ಕ ನೆಲದ ಮೇಲೆ ಕೂತಳು. "ಈಗ ಏಳಿ, ನಾನು ಬಂದಿದೀನಲ್ಲ" ಎಂದಳು. ಅವನು ಏಳಲು ನೋಡಿದ. ಬೆಳಗಿನಿಂದ ಮೈಯ ಅಡಿಗೆ ಸಿಕ್ಕಿದ್ದ ತೋಳು ಮರಗಟ್ಟಿ ಹೋಗಿತ್ತು, ಕೈ ಊರಲಾಗಲಿಲ್ಲ. ಅವಳೇ ಅವನ ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿ ಕೂರಿಸಿ, ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.